ಹಳೆಯ ಪ್ರೋಗ್ರಾಂ ತಿದ್ದುವ ಮೊದಲು

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲಿ ಅಂಕಪಟ್ಟಿ ತಯಾರಿಸುವ ಹಳೆಯ ಪ್ರೋಗ್ರಾಂ ಒಂದಿದೆ ಅಂದುಕೊಳ್ಳಿ. ಪೈಥಾನ್ 2ರಲ್ಲಿ ಬರೆದದ್ದು. ಬರೆದ ಮೇಷ್ಟ್ರು ವರ್ಗವಾಗಿ ಹೋಗಿದ್ದಾರೆ. ಎರಡು ಪರೀಕ್ಷೆಗಳ ಅಂಕ ಕೂಡಿಸಿ, 2.0ರಿಂದ ಭಾಗಿಸಿ, ಬಂದ ಸರಾಸರಿಯನ್ನು ‘ರೌಂಡ್’ ಎಂಬ ಆಜ್ಞೆಯಿಂದ ಪೂರ್ಣಾಂಕ ಮಾಡುವುದು ಅದರ ಕೆಲಸ. 35 ಬಂದರೆ ಪಾಸು.

ಪೈಥಾನ್ 2ಕ್ಕೆ ಇದ್ದ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಹಾಗಾಗಿ ನೀವು ಪ್ರೋಗ್ರಾಮನ್ನು ಪೈಥಾನ್ 3ಕ್ಕೆ ತಿದ್ದಿದಿರಿ. 40 ಮತ್ತು 50 ಕೊಟ್ಟು ನೋಡಿದಿರಿ, 45 ಬಂತು. ಕೆಲಸ ಮುಗೀತು ಅಲ್ವಾ?

ಇಲ್ಲ. 34 ಮತ್ತು 35 ಕೊಡಿ. ಸರಾಸರಿ 34.5. ಪೈಥಾನ್ 2 ಇದನ್ನು 35 ಮಾಡುತ್ತಿತ್ತು. ಪೈಥಾನ್ 3 ಮಾಡುವುದು 34! ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಪಾಸಾಗಬೇಕಿದ್ದ ಹುಡುಗಿಯೊಬ್ಬಳು ಸದ್ದಿಲ್ಲದೆ ಫೇಲಾಗಿರುತ್ತಾಳೆ.

ಕಾರಣ ಏನು? ಸಂಖ್ಯೆ ಸರಿಯಾಗಿ ಅರ್ಧದಲ್ಲಿದ್ದರೆ ಪೈಥಾನ್ 3 ಹತ್ತಿರದ ಸಮಸಂಖ್ಯೆಯನ್ನು ಆರಿಸುತ್ತದೆ. ಅರ್ಧವನ್ನು ಯಾವಾಗಲೂ ಮೇಲಕ್ಕೇ ಏರಿಸಿದರೆ ಒಟ್ಟು ಮೊತ್ತ ಹಿಗ್ಗುತ್ತದೆ ಎಂಬುದೇ ಈ ನಿಯಮದ ಹಿಂದಿನ ವಿಚಾರ.

ಆದ್ದರಿಂದ ಹಳೆಯ ಪ್ರೋಗ್ರಾಮನ್ನು ಮುಟ್ಟುವ ಮೊದಲು ಹೀಗೆ ಮಾಡಿ:

1. ಅದರ ಒಂದು ಪ್ರತಿ ತೆಗೆದಿಡಿ.
2. ಹತ್ತಾರು ಜೋಡಿ ಅಂಕಗಳನ್ನು ಕೊಟ್ಟು, ಅದು ಈಗ ಕೊಡುವ ಉತ್ತರಗಳನ್ನು ಬರೆದಿಡಿ. 0, 100, ಪಾಸು-ಫೇಲಿನ ಗಡಿಯ ಅಂಕಗಳು ಇರಲೇಬೇಕು. ತಪ್ಪು ಅಡಗುವುದು ಗಡಿಯಲ್ಲೇ.
3. ಹೊಸ ಉತ್ತರವನ್ನು ಬರೆದಿಟ್ಟ ಉತ್ತರದೊಂದಿಗೆ ತಾನೇ ಹೋಲಿಸುವ ಪುಟ್ಟ ಪ್ರೋಗ್ರಾಂ ಬರೆಯಿರಿ. ಇದೇ ಸ್ವಯಂಚಾಲಿತ ಪರೀಕ್ಷೆ.
4. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ಎಲ್ಲ ಪರೀಕ್ಷೆಗಳನ್ನು ನಡೆಸಿ.

ಮೈಕೆಲ್ ಫೆದರ್ಸ್ ಹಳೆಯ ಪ್ರೋಗ್ರಾಮುಗಳ ಬಗ್ಗೆ 2004ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕ್ರಮವನ್ನು ವಿವರಿಸಿದ್ದಾರೆ. ಹಳೆಯ ಉತ್ತರವೇ ಸರಿ ಅಂತ ಇದರ ಅರ್ಥವಲ್ಲ. ನಮಗೆ ಗೊತ್ತಿಲ್ಲದೆ ಉತ್ತರ ಬದಲಾಗಬಾರದು, ಅಷ್ಟೇ. ಬದಲಾದದ್ದು ಕಂಡರೆ ಯಾವುದು ಇರಬೇಕೆಂದು ಶಿಕ್ಷಕರು ಕೂತು ತೀರ್ಮಾನಿಸಬಹುದು. ಹಳೆಯ ನಿಯಮವೇ ಬೇಕೆಂದರೆ ಸರಾಸರಿಗೆ 0.5 ಕೂಡಿಸಿ ದಶಮಾಂಶ ಭಾಗವನ್ನು ಬಿಟ್ಟರಾಯಿತು.

ಮಾಡಿ ನೋಡಿ: ‘35 ಮತ್ತು 36’, ‘36 ಮತ್ತು 37’ – ಈ ಎರಡರಲ್ಲಿ ಯಾವ ಜೋಡಿ ಪೈಥಾನ್ 2 ಮತ್ತು 3ರ ವ್ಯತ್ಯಾಸವನ್ನು ಹಿಡಿದುಕೊಡುತ್ತದೆ? ಇನ್ನೊಂದು ಏಕೆ ಹಿಡಿಯುವುದಿಲ್ಲ? ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.