ಬೆನ್ನಟ್ಟುವ ನಾಯಿ: ವೇಗ ಹೆಚ್ಚಿಸಿದಷ್ಟೂ ಅಪಾಯ

ಬೀದಿ ನಾಯಿಗಳನ್ನು ಏನು ಮಾಡಬೇಕೆಂಬ ವಾದ ನ್ಯಾಯಾಲಯಗಳಿಂದ ಹಿಡಿದು ವಾರ್ಡ್ ಸಭೆಗಳವರೆಗೆ ನಡೆಯುತ್ತಲೇ ಇದೆ. ಅದು ಎಲ್ಲಿಗೆ ಮುಟ್ಟಿದರೂ, ನಸುಕಿನಲ್ಲಿ ಹಾಲು ಮತ್ತು ಪತ್ರಿಕೆ ಹಂಚಲು ಹೊರಡುವವರೂ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವವರೂ ನಾಯಿಗಳಿರುವ ಬೀದಿಯನ್ನೇ ಹಾದುಹೋಗಬೇಕಾಗಿರುವುದರಿಂದ, ಅಂಥ ಹೊತ್ತಿನಲ್ಲಿ ನಡೆದುಕೊಳ್ಳಬೇಕಾದ ಕ್ರಮವನ್ನಷ್ಟೇ ಇಲ್ಲಿ ವಿವರಿಸಲಾಗಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ನಾಯಿಯ ಕಿವಿಯ ಅಂಚನ್ನು ಗುರುತಿಗಾಗಿ ಕತ್ತರಿಸಿರುತ್ತಾರೆ. ಆ ನಾಯಿಗೆ ಅಂದು ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ. ಆದರೆ ಅಂಥ ನಾಯಿ ಕಚ್ಚುವುದಿಲ್ಲವೆಂದಾಗಲಿ, ಅಂದಿನ ಲಸಿಕೆಯ ರಕ್ಷಣೆ ಇಂದಿಗೂ ಉಳಿದಿದೆಯೆಂದಾಗಲಿ ಆ ಗುರುತಿನಿಂದ ತಿಳಿಯದು.

ನಾಯಿಯೊಂದು ಮನುಷ್ಯನ ಮೇಲೆ ಏರಿ ಬರುವುದಕ್ಕೆ ತನ್ನ ನೆಲೆಯ ಕಾವಲು, ಮರಿಗಳ ಮತ್ತು ಆಹಾರದ ರಕ್ಷಣೆ, ಭಯ, ನೋವು ಹಾಗೂ ಓಡುವುದನ್ನು ಅಟ್ಟುವ ಸಹಜ ಪ್ರವೃತ್ತಿ ಇವೇ ಹೆಚ್ಚಾಗಿ ಕಾರಣ. ನೆಲೆಯೆಂದರೆ ಗುಂಪೊಂದು ತನ್ನದೆಂದು ಕಾಯುವ ಬೀದಿಯ ತುಂಡು. ಅದು ಕೋಳಿ ಅಂಗಡಿ, ಕಸದ ರಾಶಿ ಅಥವಾ ಯಾರೋ ದಿನವೂ ಅನ್ನ ಹಾಕುವ ಜಾಗದ ಸುತ್ತ ಇರುತ್ತದೆ. ಕಾರ್ತಿಕ ಮಾಸದ ಆಸುಪಾಸಿನಲ್ಲಿ ಹೆಣ್ಣು ನಾಯಿ ಬೆದೆಗೆ ಬಂದಾಗ ಗಂಡು ನಾಯಿಗಳ ಗುಂಪು ಕಟ್ಟಿ ಕಚ್ಚಾಟ ಹೆಚ್ಚುತ್ತದೆ. ಗರ್ಭಾವಧಿ ಸುಮಾರು 63 ದಿನಗಳಾದ್ದರಿಂದ ಪುಷ್ಯ, ಮಾಘಗಳ ಹೊತ್ತಿಗೆ ಮೋರಿಯೊಳಗೂ ನಿಂತ ಲಾರಿಯ ಅಡಿಯಲ್ಲೂ ಮರಿಗಳಿರುತ್ತವೆ. ಮರಿ ಹಾಕಿದ ತಾಯಿ, ಉಳಿದ ದಿನಗಳಲ್ಲಿ ಎಷ್ಟೇ ಸಾಧುವಾಗಿದ್ದರೂ, ಆ ವಾರಗಳಲ್ಲಿ ಹತ್ತಿರ ಬಂದವರ ಮೇಲೆ ಎರಗಬಹುದು.

ನಾಯಿಯ ಇಂಗಿತ ಅದರ ಇಡೀ ಮೈಯಲ್ಲಿ ಕಾಣುತ್ತದೆ. ಬಾಲ ಅಲ್ಲಾಡಿಸುವ ನಾಯಿ ಕಚ್ಚುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಸರಿಯಲ್ಲ: ಸೊಂಟವೂ ಜೊತೆಗೆ ಬಳುಕುವಂತೆ ಸಡಿಲವಾಗಿ ಬೀಸುವ ಬಾಲ ಸ್ನೇಹವನ್ನು ತೋರಿದರೆ, ನೆಟ್ಟಗೆ ಮೇಲೆದ್ದು ತುದಿಯಷ್ಟೇ ಬಿರುಸಾಗಿ ಅದುರುವ ಬಾಲ ಉದ್ರೇಕದ ಗುರುತು. ಅದರೊಂದಿಗೆ ಬೆನ್ನಿನ ಕೂದಲು ನಿಮಿರಿ, ಮೈ ಸೆಟೆದು, ದೃಷ್ಟಿ ಒಂದೆಡೆ ನೆಟ್ಟು, ಮೇಲ್ದುಟಿ ಎದ್ದು ಕೋರೆಹಲ್ಲು ಕಂಡರೆ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡಬಾರದು. ಕಿವಿಯನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವ ನಾಯಿ ಹೆದರಿದೆ. ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಇಲ್ಲದಂತೆ ಮೂಲೆಗೆ ತಳ್ಳಿದರೆ ಅದೂ ಕಚ್ಚುತ್ತದೆ.

ನಡೆದು ಹೋಗುವವರಿಗೆ ಹೇಳಬೇಕಾದುದು ಸರಳವಾಗಿದೆ. ನಾಯಿ ಎದುರಾದೊಡನೆ ನಿಂತು, ಕೈಗಳನ್ನು ಮೈಗೆ ಸೇರಿಸಿ, ಅದರ ಕಣ್ಣನ್ನು ದಿಟ್ಟಿಸದೆ ಓರೆಯಾಗಿ ಗಮನಿಸುತ್ತ, ಬೆನ್ನು ತೋರದೆ ಅಡ್ಡವಾಗಿ ಅಥವಾ ಹಿಂದಕ್ಕೆ ನಿಧಾನವಾಗಿ ಸರಿಯಬೇಕು. ದೃಢವಾದ ತಗ್ಗಿದ ದನಿಯಲ್ಲಿ ‘ಹೋಗು’ ಎಂದರೆ ಜನರ ಒಡನಾಟವಿರುವ ಎಷ್ಟೋ ನಾಯಿಗಳು ಹಿಂದೆಗೆಯುತ್ತವೆ. ಕಿರುಚಿದರೆ ಇನ್ನಷ್ಟು ಕೆರಳುತ್ತವೆ. ಕೈಯಲ್ಲಿರುವ ಚೀಲ, ಕೊಡೆ ಅಥವಾ ಊರುಗೋಲನ್ನು ಹೊಡೆಯುವುದಕ್ಕೆ ಬಳಸುವ ಬದಲು ತನಗೂ ನಾಯಿಗೂ ನಡುವೆ ಅಡ್ಡ ಹಿಡಿಯುವುದೇ ಉತ್ತಮ. ಕಲ್ಲೆತ್ತಿಕೊಳ್ಳುವಂತೆ ಬಾಗಿದರೆ ದೂರದಲ್ಲಿರುವ ಒಂಟಿ ನಾಯಿ ಓಡುವುದುಂಟು. ಹತ್ತಿರ ಬಂದ ಗುಂಪಿನ ಮುಂದೆ ಬಾಗುವುದೆಂದರೆ ಮುಖ ಮತ್ತು ಕುತ್ತಿಗೆಯನ್ನು ಅವುಗಳ ಬಾಯಿಯ ಮಟ್ಟಕ್ಕೆ ಒಯ್ಯುವುದೇ ಆಗುತ್ತದೆ.

ಇವೆಲ್ಲವುಗಳಿಗಿಂತ ಹೆಚ್ಚಾಗಿ ತಿದ್ದಬೇಕಾದ ತಪ್ಪು ದ್ವಿಚಕ್ರ ವಾಹನ ಸವಾರರದು. ನಾಯಿ ಬೊಗಳುತ್ತ ಬಂದ ಕೂಡಲೇ ಹೆಚ್ಚಿನವರು ಆಕ್ಸಿಲರೇಟರ್ ತಿರುವಿ, ಎರಡೂ ಕಾಲುಗಳನ್ನು ಮೇಲೆತ್ತಿ, ಹಿಂದಿರುಗಿ ನೋಡುತ್ತಾರೆ. ಈ ಮೂರೂ ಒಟ್ಟಾದಾಗ ಬೀಳುವುದು ಬಹಳ ಸುಲಭ. ಬೈಕುಗಳಲ್ಲಿ ಹಿಂದಿನ ಚಕ್ರದ ಬ್ರೇಕ್ ಬಲಗಾಲಿನ ಪೆಡಲ್‌ನಲ್ಲಿರುವುದರಿಂದ ಕಾಲೆತ್ತಿದವರಿಗೆ ಮುಂದಿನ ಬ್ರೇಕ್ ಒಂದೇ ಉಳಿಯುತ್ತದೆ. ಆ ವೇಗದಲ್ಲಿ, ಮರಳು ಹರಡಿದ ತಿರುವಿನಲ್ಲಿ ಅಥವಾ ಬಣ್ಣ ಮಾಸಿದ ರಸ್ತೆ ಉಬ್ಬಿನ ಮೇಲೆ ಅದನ್ನೊಂದನ್ನೇ ಗಟ್ಟಿಯಾಗಿ ಹಿಡಿದರೆ ವಾಹನ ಜಾರುತ್ತದೆ. ಒಂದೇ ಬದಿಗೆ ಕುಳಿತ ಹಿಂಬದಿ ಸವಾರರು ಬೆದರಿ ಕಾಲೆತ್ತಿದರಂತೂ ವಾಹನದ ಸಮತೋಲನವೇ ಕೆಡುತ್ತದೆ. ಹೀಗೆ ನಾಯಿಯ ಹಲ್ಲು ತಾಗುವುದಕ್ಕೆ ಮೊದಲೇ ತಲೆಗೆ ಪೆಟ್ಟಾಗುವ ಸಂಭವವಿದ್ದು, ಕಚ್ಚಿದ ಗಾಯಕ್ಕೆ ಲಸಿಕೆಯಾದರೂ ಇದೆ ಎಂಬುದನ್ನು ಸವಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಯಿಯನ್ನು ಕೆರಳಿಸುವುದು ವಾಹನದ ಚಲನೆ ಮತ್ತು ಸದ್ದು. ವೇಗ ಹೆಚ್ಚಿದಷ್ಟೂ ಅದರ ಅಟ್ಟುವ ಪ್ರವೃತ್ತಿ ಬಲಗೊಳ್ಳುತ್ತದೆ, ವೇಗ ಇಳಿದಂತೆ ಅಟ್ಟುವುದಕ್ಕೆ ಕಾರಣವೇ ಇಲ್ಲದಂತಾಗುತ್ತದೆ. ಆದ್ದರಿಂದ ಗುಂಪು ಮುಂದೆಯೇ ಕಂಡರೆ ಅದನ್ನು ಮುಟ್ಟುವ ಮೊದಲೇ ಗೇರ್ ಇಳಿಸಿ, ಹಾರ್ನ್ ಬಾರಿಸದೆ, ಮನುಷ್ಯ ನಡೆಯುವಷ್ಟು ನಿಧಾನವಾಗಿ ನೇರ ಗೆರೆಯಲ್ಲಿ ಸಾಗಬೇಕು. ಬೆನ್ನು ಹತ್ತಿದ ಮೇಲೆ ಎಚ್ಚರವಾದರೂ ಕ್ರಮ ಇದೇ: ಕಾಲುಗಳು ಫುಟ್‌ರೆಸ್ಟ್ ಮೇಲೆ, ಎರಡೂ ಕೈಗಳು ಹ್ಯಾಂಡಲ್ ಮೇಲೆ, ದೃಷ್ಟಿ ರಸ್ತೆಯ ಮೇಲೆ ಇರಲಿ, ಹಿಂದೆ ಬೇರೆ ವಾಹನಗಳಿಲ್ಲವೆಂದು ಕನ್ನಡಿಯಲ್ಲಿ ಖಚಿತಪಡಿಸಿಕೊಂಡು, ಬ್ರೇಕ್ ಅನ್ನು ಥಟ್ಟನೆ ಒತ್ತದೆ ವೇಗವನ್ನು ಮೆಲ್ಲನೆ ತಗ್ಗಿಸಬೇಕು. ನಾಯಿ ಬಿಡದೆ ಬಂದರೆ ಪೂರ್ತಿ ನಿಲ್ಲಿಸುವುದೇ ಲೇಸು. ಸಾಮಾನ್ಯವಾಗಿ ಅದು ಸ್ವಲ್ಪ ದೂರದಲ್ಲಿ ನಿಂತು ಬೊಗಳಿ, ಆಸಕ್ತಿ ಕಳೆದುಕೊಂಡು ಹಿಂದಿರುಗುತ್ತದೆ. ಈ ಮಾತು ಕೇಳಲು ವಿಚಿತ್ರವೆನಿಸುವುದರಿಂದಲೇ ಭಯದ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ. ಆದ್ದರಿಂದ ದಿನವೂ ಒಂದೇ ಬೀದಿಯಲ್ಲಿ ಹೋಗುವವರು ನಾಯಿಗಳು ಎಲ್ಲಿ ಮಲಗುತ್ತವೆಂದು ಗುರುತಿಟ್ಟುಕೊಂಡು, ಅಲ್ಲಿಗೆ ಬರುವ ಮೊದಲೇ ನಿಧಾನಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಹಾದುಹೋಗುತ್ತ ನಾಯಿಗೆ ಒದೆಯುವ ಚಟ ಮಾತ್ರ ತೀರಾ ಕೆಟ್ಟದ್ದು. ಒದೆ ತಿಂದ ನಾಯಿ ಮುಂದೆ ಬರುವ ಸವಾರರನ್ನೆಲ್ಲ ವೈರಿಗಳಂತೆ ಕಾಣತೊಡಗುತ್ತದೆ.

ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಮನೆಯಂಗಳದಲ್ಲಿ ಆಟದಂತೆ ಮಾಡಿಸಬೇಕು. ಮರದಂತೆ ಅಲುಗಾಡದೆ ನಿಲ್ಲುವುದು ಮೊದಲ ಪಾಠ. ಕೆಳಗೆ ಬಿದ್ದರೆ ಮಂಡಿಗಳನ್ನು ಎದೆಗೆ ಮಡಚಿ, ಮುಖವನ್ನು ಒಳಗಿಟ್ಟು, ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನೂ ತೋಳುಗಳಿಂದ ಕಿವಿಗಳನ್ನೂ ಮುಚ್ಚಿಕೊಳ್ಳುವುದು ಎರಡನೆಯದು. ಉಣ್ಣುತ್ತಿರುವ, ಮಲಗಿರುವ, ಕಟ್ಟಿಹಾಕಿರುವ ನಾಯಿಯನ್ನು, ಅದು ಸ್ವಂತ ಮನೆಯದೇ ಆಗಿದ್ದರೂ, ಮಗು ಮುಟ್ಟಬಾರದು. ಸಾಕು ನಾಯಿ ಗುರುಗುಟ್ಟಿದಾಗ ಹೊಡೆದು ಸುಮ್ಮನಾಗಿಸುವ ಮಾಲೀಕರು ಅದರ ಎಚ್ಚರಿಕೆಯ ದನಿಯನ್ನೇ ಅಡಗಿಸುತ್ತಾರೆ, ಬಳಿಕ ಅದು ಸೂಚನೆಯಿಲ್ಲದೆ ಕಚ್ಚಬಹುದು. ತನ್ನ ಪ್ರಾಣಿಯಿಂದ ಇತರರಿಗೆ ತೀವ್ರ ಪೆಟ್ಟಾಗದಂತೆ ನೋಡಿಕೊಳ್ಳಲು ನಿರ್ಲಕ್ಷಿಸುವ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ವಿಧಿಯಡಿ ಆರು ತಿಂಗಳವರೆಗಿನ ಸೆರೆ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಇಷ್ಟಾದರೂ ನಾಯಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಖಾರದ ಪುಡಿ, ಸುಣ್ಣ, ಕಾಫಿ ಪುಡಿ ಯಾವುದನ್ನೂ ಮೆತ್ತಬಾರದು. ರೇಬಿಸ್ ಜೊಲ್ಲಿನ ಮೂಲಕ ಹರಡಿ ನರಗಳ ದಾರಿಯಲ್ಲಿ ಮಿದುಳು ಸೇರುವ ವೈರಾಣು ರೋಗವಾಗಿದ್ದು, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಚುಚ್ಚುಮದ್ದನ್ನು ಹೊಟ್ಟೆಗೆ ಕೊಡುತ್ತಿದ್ದ ಕಾಲ ಹೋಗಿ ಎಷ್ಟೋ ವರ್ಷಗಳಾಗಿವೆ. ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆಯೆಂದು ಎಣಿಸಿ, ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಬಾರಿ ಹಾಕಿಸಿಕೊಳ್ಳಬೇಕು. ಗರ್ಭಿಣಿಯರಿಗೂ ಇದು ಸುರಕ್ಷಿತ. ರಕ್ತ ಬಂದ ಗಾಯವಾದರೆ, ಸಿದ್ಧ ಪ್ರತಿಕಾಯಗಳ ದ್ರಾವಣವಾದ ಇಮ್ಯುನೋಗ್ಲಾಬ್ಯುಲಿನ್ ಅನ್ನು ಗಾಯದ ಸುತ್ತ ಚುಚ್ಚುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ನಾಯಿಯನ್ನು 10 ದಿನ ಗಮನಿಸುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಲಸಿಕೆಯನ್ನು ಮುಂದೂಡಬಾರದು. ಪೂರ್ಣ ಸರಣಿ ಪಡೆದವರಿಗೆ ಮುಂದೊಮ್ಮೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನದ ಎರಡು ಬಾರಿಯ ಲಸಿಕೆಯಷ್ಟೇ ಸಾಕಾಗುವುದರಿಂದ, ಆಸ್ಪತ್ರೆ ಕೊಟ್ಟ ಲಸಿಕೆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.