ಬೆರೋಯದವರ ಪಾಠ



ಪೌಲನು ಬೆರೋಯದಲ್ಲಿ ಸುವಾರ್ತೆಯನ್ನು ಸಾರಿದಾಗ ಅಲ್ಲಿಯವರು ಸಂತೋಷದಿಂದ ಕೇಳಿದರು. ಆದರೂ ಅದು ನಿಜವೋ ಎಂದು ದಿನಾಲೂ ಶಾಸ್ತ್ರವನ್ನು ತೆರೆದು ನೋಡಿದರೆಂದು ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯದಿಂದ ತಿಳಿಯುತ್ತೇವೆ. ಅಪೊಸ್ತಲನ ಮಾತನ್ನೇ ಪರೀಕ್ಷಿಸಿದ್ದು ದೋಷವೆನಿಸಲಿಲ್ಲ, ಸದ್ಗುಣವೆನಿಸಿತು.

ಈಗ ನಮ್ಮ ಯೌವನಸ್ಥರ ಕೈಯಲ್ಲಿ ಮೊಬೈಲು ಇದೆ. ಅವರು ಓದಬಲ್ಲರು, ಓದಿದ್ದನ್ನು ಶೋಧಿಸಬಲ್ಲರೋ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನಿಂದ ಊರೂರಿಗೆ ಹಬ್ಬಿತು. ಅದರೊಡನೆ ಹಬ್ಬಿದ ಒಂದು ವಿಡಿಯೋದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ತಂದೆತಾಯಿಗಳನ್ನು ಎಚ್ಚರಿಸುವದಕ್ಕಾಗಿ ಮಾಡಿದ ಅಭಿನಯವು. ಕಡೆಯಲ್ಲಿ ಅವರು ಮಗುವನ್ನು ತಿರಿಗಿ ತಂದುಬಿಡುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರುಷದ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಸ್ಥಳದವರನ್ನು ಜನರು ಕಳ್ಳರೆಂದೆಣಿಸಿ, ಮುರ್ಕಿಯಲ್ಲಿ ತಡೆದು ಹೊಡೆದರು. ನಿರಪರಾಧಿಯಾದ ಒಬ್ಬನು ಸತ್ತನು.

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನಾಲಿಗೆಗೆ ಮಾತ್ರವಲ್ಲ, ಬೆರಳಿಗೂ ಸಲ್ಲುತ್ತದೆ. ಆದಕಾರಣ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ: ಇದನ್ನು ಮೊದಲು ಹೇಳಿದವರು ಯಾರು? ಎಲ್ಲಿ, ಯಾವಾಗ ನಡೆಯಿತು? ಇದರ ಹಿಂದುಮುಂದಿನ ಭಾಗವೇನು? ಉತ್ತರ ಸಿಕ್ಕದಿದ್ದರೆ ಮತ್ತೊಬ್ಬರಿಗೆ ಕಳುಹಿಸದಿರೋಣ. ಕುಟುಂಬ ಪ್ರಾರ್ಥನೆಯಾದ ಮೇಲೆ ತಂದೆತಾಯಿಗಳು ಮಕ್ಕಳ ಸಂಗಡ ಕೂತು, ಆ ದಿನ ಬಂದ ಒಂದು ಸುದ್ದಿಯನ್ನಾದರೂ ಹೀಗೆ ಪರೀಕ್ಷಿಸಿ ನೋಡಲಿ.