ಫಾರ್ಮ್ಯಾಟ್ ಹೊಡೆಸುವ ಮೊದಲು ಹಳದಿ ವೈರು ನೋಡಿ

ಕಂಪ್ಯೂಟರ್ ಪದೇ ಪದೇ ನೀಲಿ ಪರದೆ ತೋರಿಸಿ ನಿಂತುಹೋಗತೊಡಗಿದರೆ ಸುತ್ತಲಿನವರು ಹೇಳುವುದು ಎರಡೇ ಮಾತು: ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಹೊಡೆಸಿ. ಶಿರಸಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೂ ಇದನ್ನೇ ಹೇಳಿದರು. ಹೇಳಿದವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ಮೈದುನನೂ ಒಬ್ಬ. ಕಂಪ್ಯೂಟರ್ ವಿಷಯಕ್ಕೆ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆ. ಅದರ ಮುಂದೆ ಕೂತು ದಿನವಿಡೀ ದುಡಿಯುವವಳು ನಾನು, ಅದು ಬೇರೆ ಮಾತು.

"ಅದನ್ನ ಗುಜರಿಗೆ ಹಾಕಿ, ಲ್ಯಾಪ್‌ಟಾಪ್ ತಗೊಳ್ಳಿ ಅತ್ತಿಗೆ" ಅಂತಲೂ ಹೇಳಿದ. ನನ್ನದು ಕೋರ್ ಟು ಡ್ಯುಯೋ, ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಅಪ್‌ಡೇಟ್ ಕೊಡುವುದನ್ನು 2020ರ ಜನವರಿಯಲ್ಲೇ ನಿಲ್ಲಿಸಿದೆ, ಗೊತ್ತು. ಆದರೆ ನನ್ನ ಹಳೆಯ ಕೆಲಸವೆಲ್ಲ ಇರುವುದು ಪೇಜ್‌ಮೇಕರ್ 7ರಲ್ಲಿ, ನುಡಿ ಸಾಫ್ಟ್‌ವೇರಿನ ಹಳೇ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಕಡೆ ಫೈಲ್ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿಗಳ ರಾಶಿ ಕಾಣುತ್ತದೆ. ಅಕ್ಕನ ಮದುವೆಯ ಕಾಗದದ ಮಾದರಿಯಲ್ಲೇ ತಂಗಿಯದೂ ಬೇಕು ಎಂದು ಬರುವ ಊರು ಇದು. ಯಂತ್ರ ಬದಲಿಸು ಎನ್ನುವವರು ಆ ಫೈಲುಗಳನ್ನು ಮತ್ತೆ ಟೈಪ್ ಮಾಡಿಕೊಡುತ್ತಾರೆಯೇ?

ಕೊನೆಗೆ ಎಲ್ಲರ ಕಾಟಕ್ಕೆ ಯಂತ್ರವನ್ನು ಫಾರ್ಮ್ಯಾಟಿಗೆಂದು ಸರ್ವಿಸಿನವರಿಗೆ ಕೊಟ್ಟೆ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರು, ಫಾಂಟುಗಳು ಎರಡನ್ನೂ ಮೊದಲು ತೆಗೆದಿಡಿ ಎಂದು ಚೀಟಿ ಬರೆದು ಕ್ಯಾಬಿನೆಟ್ಟಿಗೇ ಅಂಟಿಸಿದ್ದೆ. ಚೀಟಿ ಅಂಟಿಸಿದ ಹಾಗೆಯೇ ವಾಪಸ್ ಬಂತು. ಫೋಲ್ಡರು ಬರಲಿಲ್ಲ. "ಡಿ ಡ್ರೈವ್ ಮುಟ್ಟೇ ಇಲ್ಲ ಮೇಡಂ" ಎಂದ ಅಲ್ಲಿನ ಹುಡುಗ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ ಎಂಬುದನ್ನು ಅವನಿಗೆ ನಾನು ಕಲಿಸಬೇಕಾಯಿತು. ರೋಗವೂ ಹೋಗಲಿಲ್ಲ, ಮನೆಗೆ ತಂದು ನುಡಿ ಹಾಕಿಕೊಂಡ ಸಂಜೆಯೇ ಮತ್ತೆ ನೀಲಿ ಪರದೆ.

ಅದು ಮಾರಿಕಾಂಬಾ ಜಾತ್ರೆಯ ಮುಂಚಿನ ವಾರ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮ್ಮಂಥ ಅಂಗಡಿಗಳಿಗೆ ಉಸಿರಾಡಲು ಬಿಡುವಿಲ್ಲ. ನಾಟಕ ಕಂಪನಿಯೊಂದರ ಪೋಸ್ಟರು ಬೆಳಿಗ್ಗೆ ಪ್ಲೇಟಿಗೆ ಹೋಗಬೇಕಿತ್ತು. ಕಲಾವಿದರ ಫೋಟೋಗಳು, ಸುತ್ತ ಬಾರ್ಡರು, ದಪ್ಪ ಅಕ್ಷರದ ಹೆಸರುಗಳು. ಟೈಪ್ ಮಾಡುವಷ್ಟು ಹೊತ್ತೂ ಯಂತ್ರ ಸುಮ್ಮನಿತ್ತು. ಪಿಡಿಎಫ್ ಮಾಡಲು ಡಿಸ್ಟಿಲ್ಲರಿಗೆ ಕೊಟ್ಟೆ, ಅರ್ಧಕ್ಕೆ ಪರದೆ ಕಪ್ಪಾಗಿ ತಾನಾಗಿ ರೀಸ್ಟಾರ್ಟ್. ಮತ್ತೆ ಕೊಟ್ಟೆ, ಈ ಸಲ ನೀಲಿ. ಕಂಪನಿಯ ಮ್ಯಾನೇಜರ್ ಸ್ಟೂಲಿನ ಮೇಲೆ ಕವಳ ಮೆಲ್ಲುತ್ತ ಕೂತಿದ್ದರು. ಮೊದಮೊದಲು "ಆಗ್ತದೆ ಬಿಡ್ರೀ" ಎನ್ನುತ್ತಿದ್ದವರು ಆಮೇಲೆ ಮಾತೇ ನಿಲ್ಲಿಸಿದರು, ಅದು ಬೈಗುಳಕ್ಕಿಂತ ಕಷ್ಟ. ಮುಂದಿನ ಸಲ ಸೇವ್ ಆಗುತ್ತಿರುವಾಗಲೇ ನಿಂತಿತು. ಎದ್ದ ಮೇಲೆ ಫೈಲೇ ತೆರೆಯಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಾಣಬಾರದೆಂದು ಪ್ರಿಂಟರಿನ ಟ್ರೇ ಎಳೆದು ಇಲ್ಲದ ಕಾಗದ ಹುಡುಕಿದೆ. ಮತ್ತೆ ಮೊದಲಿಂದ ಟೈಪ್ ಮಾಡಿದೆ. ಪಿಡಿಎಫ್ ಹಂಬಲ ಬಿಟ್ಟು, ಒಂದೊಂದೇ ತುಂಡಾಗಿ ಲೇಸರಿನಲ್ಲಿ ತೆಗೆದು, ಕತ್ತರಿ ಅಂಟು ಹಿಡಿದು ಹಳೇ ಕಾಲದ ಹಾಗೆ ಪೇಸ್ಟಪ್ ಮಾಡಿ ಕೊಟ್ಟೆ. ಪೋಸ್ಟರು ಹೊತ್ತಿಗೆ ಸರಿಯಾಗಿ ಬಂತು. ಮೈದುನನಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಆ ರಾತ್ರಿಯೇ ನನಗೆ ಎರಡು ವಿಷಯ ಹೊಳೆದವು. ಒಂದು, ಭಾರದ ಕೆಲಸ ಕೊಟ್ಟಾಗ ಮಾತ್ರ ಇದು ಬೀಳುತ್ತದೆ. ಎರಡು, ಬೀಳುವಾಗ ಹೇಳುವ ಕಾರಣ ಪ್ರತಿ ಸಲ ಬೇರೆ: ಒಮ್ಮೆ ಪೇಜ್ ಫಾಲ್ಟ್, ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಕೆಲವೊಮ್ಮೆ ಏನೂ ಹೇಳದೆ ಕಪ್ಪು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಹೆಸರು, ಅದೇ ಕೋಡು ಮರಳಿ ಬರುತ್ತದೆ. ಹೀಗೆ ಬದಲಾಗುತ್ತಿದ್ದರೆ ಅನುಮಾನ ಹಾರ್ಡ್‌ವೇರಿನ ಮೇಲೆ. ಫೋನಿನಲ್ಲಿ ಮೈದುನ ಈವೆಂಟ್ ವ್ಯೂವರ್ ತೆರೆಸಿ, "ಕರ್ನಲ್ ಪವರ್ 41 ಅಂತಿದೆ, ವಿಂಡೋಸ್ ಕರ್ನಲ್ಲೇ ಹೋಗಿದೆ" ಎಂದು ತೀರ್ಪು ಕೊಟ್ಟ. ಅದರ ಅರ್ಥ ಇಷ್ಟೇ: ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಯಾಕೆ ನಿಂತಿತು ಎಂಬುದನ್ನು ಆ ಸಾಲು ಹೇಳುವುದೇ ಇಲ್ಲ.

ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ ಹಾಕಿದೆ, ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ತಪ್ಪು ಸಿಗಲಿಲ್ಲ. ಫ್ಯಾನಿನ ಧೂಳು ತೆಗೆದು ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಶಾಖ ಮಿತಿಯಲ್ಲೇ ಇತ್ತು. ಲೇಸರ್ ಪ್ರಿಂಟರನ್ನು ಮೊದಲಿನಿಂದಲೂ ಯುಪಿಎಸ್‌ಗೆ ಹಾಕದೆ ಬೇರೆ ಪ್ಲಗ್ಗಿಗೇ ಕೊಟ್ಟಿದ್ದೇನೆ, ಪ್ರಿಂಟರಿನ ಭಾರಕ್ಕೆ ಯುಪಿಎಸ್ ಸೋತಿತು ಎಂಬ ಆರೋಪ ನನ್ನ ಮೇಲೆ ಬೇಡ.

ನಮ್ಮ ಓಣಿಯಲ್ಲಿ ಹಿಂದೆ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಮೀಟರ್ ಹಿಡಿದು ಬಂದರು. ಎಸ್‌ಎಂಪಿಎಸ್, ಎಂದರೆ ಯಂತ್ರದ ಒಳಭಾಗಗಳಿಗೆ ಕರೆಂಟು ಕೊಡುವ ಡಬ್ಬಿ, ಅದರಿಂದ ಬರುವ 12 ವೋಲ್ಟಿನ ಹಳದಿ ವೈರಿನಲ್ಲಿ 11.9 ವೋಲ್ಟ್ ತೋರಿಸಿತು. ಸರಿ ಇದೆಯಲ್ಲ ಎಂದೆ. "ತಂಗೀ, ಸುಮ್ಮನೆ ಕೂತಾಗ ನೋಡಿದ್ರೆ ಏನು ಗೊತ್ತಾಗ್ತದೆ? ದುಡಿಸು ಅದನ್ನ" ಎಂದರು. ಡಿಸ್ಟಿಲ್ಲರ್ ಓಡಿಸಿದೆ. ಮುಳ್ಳು ಜಾರುತ್ತ 11.2ಕ್ಕೆ ಬಂತು, ಪರದೆ ಕಪ್ಪಾಯಿತು. 12 ವೋಲ್ಟಿನ ಲೈನು ಶೇ. 5ರಷ್ಟು ಆಚೀಚೆ ಆಗಬಹುದು, ಎಂದರೆ 11.4ಕ್ಕಿಂತ ಇಳಿಯಬಾರದು. ಕೆಟ್ಟದ್ದು ಎಸ್‌ಎಂಪಿಎಸ್. ಅವರು ಅದನ್ನು ಬಿಚ್ಚಿ ತೋರಿಸಿದರು, ಒಳಗೆ ಕೆಪಾಸಿಟರುಗಳ ತಲೆ ಉಬ್ಬಿ ಕಂದು ಬಣ್ಣದ ಅಂಟು ಹೊರಬಂದಿತ್ತು. ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ನಿಮ್ಮ ಯಂತ್ರ ಹೀಗೇ ಮಾಡುತ್ತಿದ್ದರೆ, ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್, ಅಲ್ಲಿ ಸ್ಟಾರ್ಟಪ್ ಆಂಡ್ ರಿಕವರಿಗೆ ಹೋಗಿ ಆಟೋಮ್ಯಾಟಿಕ್ ರೀಸ್ಟಾರ್ಟ್‌ನ ಟಿಕ್ ತೆಗೆಯಿರಿ, ಆಗ ನೀಲಿ ಪರದೆ ಓದುವಷ್ಟು ಹೊತ್ತು ನಿಲ್ಲುತ್ತದೆ. ಬಂದ ಹೆಸರುಗಳನ್ನು ಬರೆದಿಡಿ. ಪ್ರತಿ ಸಲ ಬೇರೆ ಬಂದರೆ, ಯಂತ್ರವನ್ನು ದುಡಿಸುತ್ತ ತಿಳಿದವರಿಂದ ಹಳದಿ ವೈರು ಅಳೆಯಿಸಿ. ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆಗೆ ಮರುಳಾಗದೆ, ಲೇಬಲ್ಲಿನಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ನೋಡಿ.

ಹೊಸದು ಹಾಕಿದ ಮೇಲೆ ಯಂತ್ರ ಬಿದ್ದಿಲ್ಲ. ಮೈದುನ ಮಾತ್ರ "ಫಾರ್ಮ್ಯಾಟ್ ಮಾಡಿಸಿದ್ದೂ ಒಳ್ಳೇದೇ ಆಯ್ತು ಬಿಡಿ" ಎನ್ನುತ್ತಾನೆ. ಆ ಒಳ್ಳೆಯದಕ್ಕೆ ಕೊಟ್ಟ ದುಡ್ಡನ್ನು ಸರ್ವಿಸಿನವರ ಹತ್ತಿರ ವಾಪಸ್ ಕೇಳಿದ್ದೇನೆ. ಫೋನ್ ಮಾಡಿದರೆ ಹುಡುಗ ಹೊರಗೆ ಹೋಗಿದ್ದಾನೆ ಎನ್ನುತ್ತಾರೆ.